ಕೆಂಚಿಯ ಕಿವಿ, ಅಜ್ಜಿಯ ಕಪ್ಪು ಬಟ್ಟೆ

ನಿಮ್ಮ ಮನೆ ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ ಚಿಕ್ಕಂದಿನಲ್ಲಿ ನಾನು ‘ಯಾವಾಗ?’ ಎಂದು ತಿರುಗಿ ಕೇಳುತ್ತಿದ್ದೆ. ಕೇಳಿದವರು ನಗುತ್ತಿದ್ದರು. ಅದರಲ್ಲಿ ನಗುವಂಥದ್ದೇನಿತ್ತೋ ನನಗೆ ತಿಳಿಯುತ್ತಿರಲಿಲ್ಲ. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಮನೆಯ ಅಳತೆ ಒಂದೇ ಇರುವುದಿಲ್ಲ. ಮೊಟ್ಟೆಯಿಂದ ಎದ್ದ ಹುಳ ಒಂದೇ ತಟ್ಟೆಯ ಮೂಲೆಯಲ್ಲಿ ಕುಳಿತಿರುವಾಗ ಕೋಣೆ, ನಡುಮನೆ, ಪಡಸಾಲೆ ಎಲ್ಲ ನಮ್ಮದೇ. ಹುಳ ಬೆಳೆದಂತೆ ತಟ್ಟೆ ಹೆಚ್ಚುತ್ತಿದ್ದವು, ತಟ್ಟೆ ಜೋಡಿಸುವ ಸ್ಟ್ಯಾಂಡು ಹೆಚ್ಚುತ್ತಿದ್ದವು. ಮೊದಲು ಕೋಣೆ ಹೋಗುತ್ತಿತ್ತು, ಆಮೇಲೆ ನಡುಮನೆ. ಕೊನೆಯ ವಾರ ಅಪ್ಪ, ಅವ್ವ, ಅಜ್ಜಿ, ನಾನು ಪಡಸಾಲೆಯಲ್ಲಿ ಚಾಪೆಗೆ ಚಾಪೆ ತಾಗಿಸಿಕೊಂಡು ಮಲಗುತ್ತಿದ್ದೆವು. ಒಳಗೆ ಹುಳ ಸೊಪ್ಪು ತಿನ್ನುವ ಸದ್ದು, ದೊಡ್ಡ ಪಾತ್ರೆಯಲ್ಲಿ ಎಸರು ಸಣ್ಣಗೆ ಕುದಿಯುವ ಹಾಗೆ, ಬಿಡುವಿಲ್ಲದೆ ಕೇಳುತ್ತಿತ್ತು. ಗೂಡು ಕಟ್ಟಿ, ಗೂಡು ಬಿಡಿಸಿ, ಅಪ್ಪ ಅದನ್ನು ರಾಮನಗರದ ಮಾರುಕಟ್ಟೆಗೆ ಕೊಂಡೊಯ್ದ ದಿನ ಇಡೀ ಮನೆ ಮತ್ತೆ ನಮಗೆ ಸಿಗುತ್ತಿತ್ತು. ಈಗ ನಾನಿರುವ ಮನೆಯಲ್ಲಿ ಗೋಡೆಗಳು ವರ್ಷವಿಡೀ ಇದ್ದಲ್ಲೇ ಇರುತ್ತವೆ. ಒಮ್ಮೊಮ್ಮೆ ನನಗೆ ಇದು ಬಹಳ ಬೇಜಾರಿನ ಏರ್ಪಾಡು ಅನಿಸುತ್ತದೆ.

ಈ ಸಂಸ್ಥಾನಕ್ಕೆ ದೊರೆ ನಮ್ಮಜ್ಜಿ, ಅಪ್ಪನ ತಾಯಿ. ಹುಳ ಇರುವಷ್ಟು ದಿನ ಅಜ್ಜಿ ಹೇಳಿದ್ದೇ ಕಾನೂನು. ಒಗ್ಗರಣೆ ಹಾಕುವ ಹಾಗಿಲ್ಲ, ಮೆಣಸಿನಕಾಯಿ ಹುರಿಯುವ ಹಾಗಿಲ್ಲ, ದೇವರಿಗೂ ಊದುಬತ್ತಿಯಿಲ್ಲ. ಮುದ್ದೆಗೆ ಬರೀ ಉಪ್ಪೆಸರು, ಬಸ್ಸಾರು. ಹೊಗೆಸೊಪ್ಪು ಹಾಕುವ ನೆಂಟರು ಜಗಲಿಯಲ್ಲೇ ಕುಳಿತು ಮಾತಾಡಿ ಹೋಗಬೇಕು. ಹುಳದ ಮನೆಯೊಳಕ್ಕೆ, ಅಂದರೆ ತಟ್ಟೆ ಇರುವ ಕೋಣೆಗಳಿಗೆ, ಹೋಗುವವರು ಹೊಸ್ತಿಲ ಬಳಿಯ ಸುಣ್ಣದ ನೀರಿನಲ್ಲಿ ಕಾಲಿಟ್ಟು ಹೋಗಬೇಕು. ಈ ಕಾನೂನಿನಿಂದ ಗಡಿಪಾರಾದವಳು ಜಯತ್ತೆ, ಅಪ್ಪನ ತಂಗಿ. ಆ ವರ್ಷಗಳಲ್ಲಿ ನಮ್ಮ ಕೈಲಾಂಚದ ಕಡೆಯ ಊರುಗಳಿಗೂ ಕಂಪನಿ ವ್ಯಾನುಗಳು ಬರಲು ಶುರುವಾಗಿದ್ದವು. ಬೆಳಗಾಗುತ್ತಲೇ ಟಾರ್ ರಸ್ತೆಯಲ್ಲಿ ಹಾರನ್ ಕೇಳಿದರೆ ಅರ್ಧ ಊರಿನ ಹೆಣ್ಣುಮಕ್ಕಳು ಟಿಫನ್ ಡಬ್ಬಿ ಹಿಡಿದು ಓಡುತ್ತಿದ್ದರು. ಜಯತ್ತೆಯೂ ಗಾರ್ಮೆಂಟ್ಸ್ ಸೇರಿದಳು. ಸೇರಿದ ಮೇಲೆ ಮುಖಕ್ಕೆ ಪೌಡರು, ತಲೆಗೆ ವಾಸನೆ ಎಣ್ಣೆ ಹಚ್ಚತೊಡಗಿದಳು. ಆ ವಾಸನೆ ಹುಳಕ್ಕೆ ಆಗುವುದಿಲ್ಲ ಎಂದು ಅಜ್ಜಿ ಅವಳ ಟ್ರಂಕನ್ನು ಕೊಟ್ಟಿಗೆಯ ಪಕ್ಕದ ಹೊರಕೋಣೆಗೆ ಸಾಗಿಸಿದಳು. ಜಯತ್ತೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಸ್ವಂತಕ್ಕೊಂದು ಕೋಣೆ ಸಿಕ್ಕಿತಲ್ಲ ಎಂದು ಬಾಗಿಲಿಗೆ ಹೂವಿನ ಪರದೆ ಕಟ್ಟಿಕೊಂಡಳು.

ಕಾಲು ತೊಳೆಯದೆ ಹುಳದ ಮನೆಯೊಳಕ್ಕೆ ಹೋಗುವ ಅಧಿಕಾರ ಇದ್ದದ್ದು ಒಬ್ಬಳಿಗೇ, ನಮ್ಮ ಬೆಕ್ಕಿಗೆ. ಕೆಂಪು ಮಿಶ್ರಿತ ಹಳದಿ ಬಣ್ಣದ ಹೆಣ್ಣುಬೆಕ್ಕು, ಹೆಸರು ಕೆಂಚಿ. ಹುಳಕ್ಕೆ ಇರುವೆ, ಹಲ್ಲಿ, ಇಲಿ, ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಎಂದು ನೂರೆಂಟು ಶತ್ರುಗಳು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡಬಹುದು, ನೊಣಕ್ಕೆ ಪರದೆ ಕಟ್ಟಬಹುದು. ಇಲಿಗೆ ಮಾತ್ರ ಬೆಕ್ಕೇ ಆಗಬೇಕು. ವಿಷ ಇಡೋಣವೆಂದರೆ ಅದು ಹುಳಕ್ಕೂ ವಿಷವೇ. ಹಾಗಾಗಿ ಕೆಂಚಿಗೆ ನಮ್ಮ ಮನೆಯಲ್ಲಿದ್ದ ಮರ್ಯಾದೆ ಅಳಿಯನಿಗೂ ಸಿಗುತ್ತಿರಲಿಲ್ಲ. ಅಜ್ಜಿ ತನ್ನ ಮುದ್ದೆಯಲ್ಲಿ ಮೊದಲ ತುತ್ತು ಮುರಿದು, ಹಾಲಿನಲ್ಲಿ ಕಿವುಚಿ, ಕೆಂಚಿಯ ತೆಂಗಿನ ಚಿಪ್ಪಿಗೆ ಹಾಕಿದ ಮೇಲೆಯೇ ತಾನು ಉಣ್ಣುತ್ತಿದ್ದಳು. ನನಗೆ ಕೆಂಚಿ ಬೇರೆ ಕಾರಣಕ್ಕೆ ಬೇಕಾಗಿದ್ದಳು. ಒಡಹುಟ್ಟಿದವರಿಲ್ಲದ ನನ್ನ ಪ್ರಶ್ನೆಗಳನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಉಳಿದವರೆಲ್ಲ ಅರ್ಧಕ್ಕೇ ‘ಹೋಗು ಸೊಪ್ಪು ತಾ’ ಎನ್ನುತ್ತಿದ್ದರು.

ಆ ಸಲದ ಬೆಳೆಯಲ್ಲಿ, ಹುಳ ಇನ್ನೂ ಚಿಕ್ಕವಿರುವಾಗಲೇ, ಕೆಂಚಿ ತಲೆ ಕೊಡವಲು ಶುರು ಮಾಡಿದಳು. ಮೊದಲು ನಾನು ಆಟ ಅಂದುಕೊಂಡೆ. ಕುಳಿತಲ್ಲಿ ಕುಳಿತಿರುತ್ತಿದ್ದಳು, ಇದ್ದಕ್ಕಿದ್ದಂತೆ ತಲೆಯನ್ನು ಪಟಪಟನೆ ಆಡಿಸಿ, ಹಿಂಗಾಲಿನಿಂದ ಕಿವಿಯ ಬುಡ ಕೆರೆದುಕೊಳ್ಳುತ್ತಿದ್ದಳು. ಕೆರೆಯುವಾಗ ಗಂಟಲಲ್ಲಿ ಒಂದು ಸಣ್ಣ ನರಳಿಕೆ. ಕೆಲವೇ ದಿನಗಳಲ್ಲಿ ಕಿವಿಯ ಹಿಂದೆ ಕೂದಲು ತೆಳುವಾಯಿತು, ಆಮೇಲೆ ಹಣೆಯ ಎರಡೂ ಬದಿ ಗುಲಾಬಿ ಚರ್ಮ ಕಾಣತೊಡಗಿತು. ಅಂಥ ಚೆಲುವೆಯ ಮುಖ ಅರ್ಧ ಬೋಳಾಯಿತು. ತಿನ್ನುವುದು ಬಿಟ್ಟಳು. ಹುಳದ ಮನೆಯ ಹೊಸ್ತಿಲಲ್ಲಿ ಕಾವಲು ಕೂರುವುದು ಬಿಟ್ಟು ಒಲೆಯ ಹಿಂದಿನ ಮೂಲೆಯಲ್ಲಿ ತಲೆ ಓರೆ ಮಾಡಿಕೊಂಡು ಕುಳಿತಳು.

ಏನಾಗಿದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲ ಎನ್ನುವವರು ಒಬ್ಬರೂ ಇರಲಿಲ್ಲ. ಒಲೆಯ ಬೂದಿಯಲ್ಲಿ ಮಲಗಿ ಕೂದಲು ಸುಟ್ಟುಕೊಂಡಿದೆ ಎಂದು ಅವ್ವ ಹೇಳಿದಳು. ನಾನು ಹೋಗಿ ಮೂಸಿ ನೋಡಿದೆ, ಸುಟ್ಟ ವಾಸನೆ ಇರಲಿಲ್ಲ. ಅಪ್ಪ ಆಗ ಕಂಪನಿಯವರ ಮೇಲೆ ಹಲ್ಲು ಕಡಿಯುತ್ತಿದ್ದ ಕಾಲ. ನಮ್ಮ ಹಿಪ್ಪುನೇರಳೆ ತೋಟದ ಆಚೆ ಹೊಸದೊಂದು ಕಾರ್ಖಾನೆಯ ಗೋಡೆ ಏಳುತ್ತಿತ್ತು, ಕಟ್ಟುವ ಕೆಲಸದವರ ತಗಡಿನ ಶೆಡ್ಡುಗಳು ಬಂದಿದ್ದವು, ಲಾರಿಯ ದೂಳು ಸೊಪ್ಪಿನ ಮೇಲೆ ಕೂರುತ್ತಿತ್ತು. ಸೊಪ್ಪನ್ನು ತೊಳೆದು ಒರೆಸುವ ಹೊಸ ಕೆಲಸ ನನ್ನ ಪಾಲಿಗೆ ಬಂದಿತ್ತು. ಊರಿನಲ್ಲಿ ಯಾರಿಗೆ ಹಲ್ಲುನೋವು ಬಂದರೂ ಅಪ್ಪನ ಲೆಕ್ಕದಲ್ಲಿ ಅದು ಆ ಗೋಡೆಯಿಂದಲೇ.

“ಮೋರಿ ನೀರು ಕುಡ್ದೈತೆ ಕಣ್ರೇ. ಆ ಶೆಡ್ಡಿನ ಕಡೆ ಓಡಾಡ್ತಾ ಇತ್ತು, ನಾನೇ ನೋಡಿವ್ನಿ. ಸಿಮೆಂಟು ನೀರು, ಪೇಂಟ್ ನೀರು, ಏನೇನೋ ಬತ್ತಾ ಐತೆ.”

ನಾನು ಮೋರಿಯ ದಂಡೆಗೆ ಹೋಗಿ ನೋಡಿದೆ. ಅದೇ ನೀರು ಕುಡಿದ ನಾಯಿಗಳು ಮೈತುಂಬ ಕೂದಲಿಟ್ಟುಕೊಂಡು ಮಲಗಿದ್ದವು. ಅಪ್ಪನಿಗೆ ಹೇಳಿದರೆ, ನಾಯಿ ಜಾತಿಯೇ ಬೇರೆ ಎಂದು ಬಾಯಿ ಮುಚ್ಚಿಸಿದ.

ಕೊನೆಗೆ ತೀರ್ಪು ಕೊಟ್ಟವಳು ಅಜ್ಜಿ. ಇಲ್ಲಿ ಒಂದು ಮಾತು ಹೇಳಬೇಕು. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೈಯ ಚರ್ಮ ಕಳಚುತ್ತದೆ. ಕಳಚುವ ಮೊದಲು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ. ತಟ್ಟೆ ಒಣಗಿರಲೆಂದು ಸುಣ್ಣದ ಪುಡಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಮೇಲಿಂದ ಉದುರಿಸುತ್ತಾರೆ. ಕಳಚಿ ಎದ್ದ ಹುಳ ಮೊದಲಿಗಿಂತ ದೊಡ್ಡದಾಗಿ, ಹಸಿದು ಬರುತ್ತದೆ. ಅಜ್ಜಿ ತನ್ನ ಆಯುಷ್ಯದಲ್ಲಿ ಎಷ್ಟು ಲಕ್ಷ ಹುಳಗಳ ಜ್ವರ ನೋಡಿದ್ದಳೋ. ಒಲೆಯ ಹಿಂದೆ ಕುಳಿತ ಕೆಂಚಿಯನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಇದೂ ಜ್ವರಕ್ಕೆ ಕೂತೈತೆ ಕಣೇ. ತಲೆ ನೋಡು, ಹೆಂಗೆ ಎತ್ಕಂಡು ಕೂತೈತೆ. ಊಟ ಬ್ಯಾಡ, ನೀರು ಬ್ಯಾಡ. ಕಳಚ್ತಾ ಐತೆ. ಯಾರೂ ಮುಟ್ಬ್ಯಾಡಿ, ತಾನಾಗೇ ಎದ್ದು ಬತ್ತದೆ.”

“ಬೆಕ್ಕೂ ಕಳಚ್ತದಾ ಅಜ್ಜಿ?” ಎಂದೆ.

“ಹಾವು ಪೊರೆ ಬುಡಲ್ವಾ? ಕೋಳಿ ಪುಕ್ಕ ಉದುರ್ಸಲ್ವಾ? ಬೆಕ್ಕಿಗೇನು ದಾಡಿ?”

ಹಾಗೆಂದು ಸುಣ್ಣದ ಪುಡಿಯ ಗಂಟು ತಂದು, ಹುಳಕ್ಕೆ ಉದುರಿಸುವಷ್ಟೇ ನಯವಾಗಿ, ಎರಡು ಬೆರಳಿನಿಂದ ತಟ್ಟಿ ತಟ್ಟಿ ಕೆಂಚಿಯ ಮೇಲೂ ಅವಳು ಮಲಗುವ ಗೋಣಿಯ ಮೇಲೂ ಉದುರಿಸಿದಳು. ಕೆಂಚಿ ಸೀನಿದಳು. ಅಜ್ಜಿ ‘ಆಯ್ತು ಕಣವ್ವ, ಆಯ್ತು’ ಎಂದು ಸಮಾಧಾನ ಮಾಡಿದಳು. ಈಗ ನೆನೆಸಿಕೊಂಡರೆ ನನಗೆ ನಗುವೂ ಬರುತ್ತದೆ, ಅಯ್ಯೋ ಅನಿಸುವುದೂ ಉಂಟು. ಅವಳು ಯಾವುದನ್ನು ತುಂಬ ಪ್ರೀತಿಸುತ್ತಿದ್ದಳೋ ಅದನ್ನು ಹುಳದ ಹಾಗೆ ನೋಡಿಕೊಳ್ಳುತ್ತಿದ್ದಳು. ನನಗೆ ಜ್ವರ ಬಂದಾಗಲೂ ಕಿಟಕಿಗೆ ಗೋಣಿ ಇಳಿಬಿಟ್ಟು ಬೆಳಕು ಮರೆ ಮಾಡುತ್ತಿದ್ದದ್ದು ನೆನಪಿದೆ.

ಭಾನುವಾರ ಜಯತ್ತೆ ಬಟ್ಟೆ ಒಗೆಯಲು ಹಿತ್ತಿಲಿಗೆ ಬಂದವಳು ಬೆಳ್ಳಗೆ ಬೂದಿ ಬಳಿದುಕೊಂಡ ಬೈರಾಗಿಯ ಹಾಗಿದ್ದ ಕೆಂಚಿಯನ್ನು ನೋಡಿ ಕೈಯಲ್ಲಿದ್ದ ಸೋಪು ಬಿಟ್ಟಳು.

“ಅವ್ವ, ಅದೇನು ಹುಳ ಅಂದ್ಕಂಡಿದ್ದೀಯಾ? ಸುಣ್ಣ ಹಾಕಿದ್ರೆ ಉರಿಯಕಿಲ್ವಾ?”

“ಪೌಡರ್ ಬಳ್ಕಂಡು ವ್ಯಾನ್ ಹತ್ತೋಳು ನೀನು. ಈ ಮನೇಲಿ ಯಾವುದು ಹೆಂಗೆ ಬದುಕ್ತದೆ ಅಂತ ನಿಂಗೇನಮ್ಮಿ ಗೊತ್ತು?”

“ನಾನು ಬಳ್ಕಂಡ್ರೆ ತಪ್ಪು, ಬೆಕ್ಕಿಗೆ ನೀನು ಬಳುದ್ರೆ ಔಷ್ದಿ ಅಲ್ವಾ?”

ಅವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಅಜ್ಜಿ ಆ ದಿನ ಜಯತ್ತೆಯ ಕೈಯಿಂದ ನೀರು ಕೂಡ ಇಸಿದುಕೊಳ್ಳಲಿಲ್ಲ. ತಾಯಿ ಮಗಳ ಜಗಳ ಬೆಕ್ಕಿನದಲ್ಲ, ಹುಳ ಬಿಟ್ಟು ಕಂಪನಿಗೆ ಹೋದದ್ದರದು ಎಂದು ನನಗೂ ಗೊತ್ತಾಗುತ್ತಿತ್ತು. ಆದರೆ ಬಡಿದಾಟದ ನಡುವೆ ಸಿಕ್ಕಿಕೊಂಡದ್ದು ಕೆಂಚಿಯ ಕಿವಿ. ಸುಣ್ಣ ಬಿದ್ದ ಮೇಲೆ ಕೆರೆತ ಇಮ್ಮಡಿಯಾಯಿತು. ಕೆರೆದಲ್ಲಿ ರಕ್ತ ಒಸರಿತು, ಕತ್ತಿನ ಕೂದಲೂ ಉದುರಲು ಶುರುವಾಯಿತು.

ಹುಳ ನಾಲ್ಕನೆಯ ಜ್ವರಕ್ಕೆ ಕುಳಿತ ದಿನ ಕೆಂಚಿ ಹೇಗೋ ನಡುಮನೆಗೆ ನುಸುಳಿ, ತಟ್ಟೆಯ ಪಕ್ಕ ನಿಂತು ಮೈ ಕೊಡವಿದಳು. ಅವಳ ಕೂದಲೂ ಹಕ್ಕಳೆಯೂ ಹುಳದ ಮೇಲೆ ಬಿದ್ದವು. ಅಜ್ಜಿ ಒಂದೊಂದೇ ಕೂದಲನ್ನು ತಡವಿ ತಡವಿ ಹೆಕ್ಕಿ ತೆಗೆದಳು. ತೆಗೆದಾದ ಮೇಲೆ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಅಪ್ಪನಿಗೆ ಹೇಳಿದಳು.

“ಹುಳ ಜ್ವರ ಏಳೋದ್ರೊಳಗೆ ಇದು ಸರಿ ಹೋಗ್ಲಿಲ್ಲ ಅಂದ್ರೆ ಚೀಲಕ್ಕೆ ಹಾಕ್ಕಂಡು ಕೆರೆ ಆಚೆ ಬುಟ್ಟು ಬಾ ಕಣಪ್ಪ. ಹುಳಕ್ಕೆ ಏನಾದ್ರೂ ಅಂಟ್ಕಂಡ್ರೆ ಇಡೀ ಮನೆ ಬಾಯಿಗೆ ಮಣ್ಣು.”

ಅಪ್ಪ ಮೊಪೆಡ್ಡಿನ ಹಿಂದಿನ ಸೀಟಿಗೆ ಒಂದು ಖಾಲಿ ಗೊಬ್ಬರದ ಚೀಲ ಸಿಕ್ಕಿಸಿಟ್ಟ. ಜ್ವರ ಒಂದು ದಿನದ ಮಾತು. ಅಷ್ಟರಲ್ಲಿ ನಾನು ಏನಾದರೂ ಮಾಡಬೇಕಿತ್ತು. ಆದರೆ ಏನು ಮಾಡಲಿ? ಔಷಧ ಗೊತ್ತಿಲ್ಲ, ರೋಗವೇ ಗೊತ್ತಿಲ್ಲ. ಗೊತ್ತಿರಲಿ ಬಿಡಲಿ ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಇಣುಕಿ ನೋಡುವುದು. ಕೆಂಚಿಯನ್ನು ತೊಡೆಯ ಮೇಲೆ ಮಲಗಿಸಿ, ಕಿವಿಯನ್ನು ಮಗುಚಿ ಬಿಸಿಲಿಗೆ ಹಿಡಿದೆ. ಅಷ್ಟು ದಿನ ಎಲ್ಲರೂ ಉದುರಿದ ಕೂದಲನ್ನೇ ನೋಡಿದ್ದರು, ಕಿವಿಯ ಒಳಗೆ ಯಾರೂ ನೋಡಿರಲಿಲ್ಲ. ಒಳಗೆ ಕಾಫಿಪುಡಿಯ ಚರಟದ ಹಾಗೆ ಕಪ್ಪುಕಂದು ಕಸ ತುಂಬಿಕೊಂಡಿತ್ತು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಮೆಲ್ಲಗೆ ಒರೆಸಿದೆ. ಕೆಂಚಿ ನೋವಿಗೆ ಕೂಗುತ್ತಾಳೆ ಅಂದುಕೊಂಡರೆ, ಇನ್ನೂ ಉಜ್ಜು ಎನ್ನುವಂತೆ ತಲೆಯನ್ನು ನನ್ನ ಕೈಗೆ ಒತ್ತಿ ಹಿಂಗಾಲು ಆಡಿಸಿದಳು.

ಆ ಕಸವನ್ನು ಸ್ಟೀಲ್ ತಟ್ಟೆಗೆ ಕೊಡವಿ ನೋಡಿದೆ. ಕಸ ಕಸದ ಹಾಗೇ ಇತ್ತು. ಆಗ ನನ್ನ ತಲೆಗೆ ಹೊಳೆದದ್ದು ಅಜ್ಜಿಯ ಕಪ್ಪು ಬಟ್ಟೆ. ರೇಷ್ಮೆ ಮೊಟ್ಟೆಯ ಹಾಳೆ ಮನೆಗೆ ಬಂದಾಗ, ಮೊಟ್ಟೆ ನೀಲಿಗೆ ತಿರುಗುತ್ತಿದ್ದಂತೆ ಅಜ್ಜಿ ಅದನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಕತ್ತಲಲ್ಲಿಟ್ಟು, ಒಂದು ಬೆಳಗ್ಗೆ ಬೆಳಕಿಗೆ ಬಿಚ್ಚಿದರೆ ಹುಳವೆಲ್ಲ ಒಟ್ಟಿಗೆ ಎದ್ದುಬರುತ್ತವೆ. ಊರಿನ ಬಹಳ ಮಂದಿ ಆಗಲೇ ಮೊಟ್ಟೆ ಏಳಿಸಿ ಕೊಡುವ ಚಾಕಿ ಕೇಂದ್ರದಿಂದ ಮರಿಹುಳ ತರುತ್ತಿದ್ದರು, ಅಜ್ಜಿ ಮಾತ್ರ ಮನೆಯಲ್ಲೇ ಏಳಿಸಬೇಕು ಎನ್ನುತ್ತಿದ್ದಳು. ಬಟ್ಟೆ ಬಿಚ್ಚುವವಳು ಅವಳೇ, ಮೊದಲು ನೋಡುವವಳು ಅವಳೇ. ಅವಳು ‘ಎದ್ದವೆ’ ಅನ್ನುವ ತನಕ ನಮಗೆ ಉಸಿರು ಬಿಡಲೂ ಅಪ್ಪಣೆ ಇರಲಿಲ್ಲ. ಇದರಿಂದ ನಾನು ತೆಗೆದ ಸಿದ್ಧಾಂತ ಏನೆಂದರೆ, ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟರೆ ಒಳಗೆ ಅಡಗಿದ್ದದ್ದೆಲ್ಲ ಹೊರಗೆ ಬರಲೇಬೇಕು. ಬಟ್ಟೆ ಒಗೆದು ಮಡಿಸಿ, ಮುಂದಿನ ಮೊಟ್ಟೆಗೆಂದು ಅಜ್ಜಿಯ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಹುಳ ಏಳುವ ಹೊತ್ತಿಗೆ ಬೇಕೆಂದು ಎಲ್ಲರೂ ಸೊಪ್ಪು ಕೊಯ್ಯಲು ಹೋದಾಗ ಅದನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಕಿವಿಯ ಕಸವನ್ನು ನಡುವೆ ಇಟ್ಟು ಮಡಿಸಿದೆ. ಒಗೆಯುವ ಕಲ್ಲಿನ ಮೇಲೆ ಎಳೆಬಿಸಿಲಿಗೆ ಇಟ್ಟು, ಅಜ್ಜಿಯ ಹಾಗೆಯೇ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಬಿಚ್ಚಿ, ಮೂಗು ತಾಗುವಷ್ಟು ಬಗ್ಗಿ ನೋಡಿದೆ.

ಮೊದಲು ಏನೂ ಇಲ್ಲ. ಆಮೇಲೆ ಸೂಜಿಯ ಮೊನೆಯಷ್ಟು ಬಿಳಿ ಚುಕ್ಕೆಯೊಂದು ಕಸದಿಂದ ಹೊರಬಿದ್ದು ಕಪ್ಪು ಬಟ್ಟೆಯ ಮೇಲೆ ಹೊರಟಿತು. ಅದರ ಹಿಂದೆ ಇನ್ನೊಂದು. ನಾನು ಉಸಿರು ಬಿಗಿಹಿಡಿದೆ. ನಮ್ಮ ಹುಳ ಏಳುವಾಗ ಬಿಳಿ ಹಾಳೆಯ ಮೇಲೆ ಕಪ್ಪಗೆ ಕಾಣುತ್ತವೆ. ಇವು ಕಪ್ಪಿನ ಮೇಲೆ ಬೆಳ್ಳಗಿದ್ದವು. ಆ ಕ್ಷಣದಲ್ಲಿ ನನಗೆ ಕೆಂಚಿಯೂ ಮರೆತುಹೋದಳು, ಚೀಲವೂ ಮರೆತುಹೋಯಿತು. ಇಷ್ಟು ಚಿಕ್ಕದಕ್ಕೂ ಹೋಗಬೇಕಾದ ಊರೊಂದು ಇದೆಯಲ್ಲ ಎಂಬ ಸೋಜಿಗ ಒಂದೇ ಉಳಿಯಿತು. ಹಾಗೆ ಎಷ್ಟು ಹೊತ್ತು ಕುಳಿತಿದ್ದೆನೋ, ಸೊಪ್ಪಿನ ಹೊರೆ ಇಳಿಸಿದ ಸದ್ದಾದಾಗ ಎದ್ದು ಕೂಗಿಕೊಂಡು ಓಡಿದೆ.

“ಅವ್ವಾ, ಕೆಂಚಿ ಕಿವೀಲಿ ಯಾರೋ ಹುಳ ಸಾಕ್ತಾ ಅವ್ರೆ!”

ಅಜ್ಜಿಗೆ ಮೊದಲು ಕಂಡದ್ದು ನನ್ನ ಕೈಯಲ್ಲಿದ್ದ ಕಪ್ಪು ಬಟ್ಟೆ. ಅವಳ ಮುಖ ಕೆಂಪಾಯಿತು. ಮೊಟ್ಟೆ ಸುತ್ತುವ ಬಟ್ಟೆಗೆ ಬೆಕ್ಕಿನ ಕಿವಿಯ ಕೊಳೆ ಹಚ್ಚಿದವರು ನಮ್ಮ ವಂಶದಲ್ಲಿ ನಾನೇ ಮೊದಲು ಎಂದಳು. ಕಂಡಿದ್ದೆಲ್ಲ ಕೆದಕುವ ಕೋಳಿ ಎಂದಳು. ಅವ್ವ ಬಟ್ಟೆಯನ್ನು ಬೆಳಕಿಗೆ ಹಿಡಿದು ಬಗ್ಗಿದಳು, ‘ಅಯ್ಯೋ ಶಿವನೆ’ ಎಂದು ತಲೆ ಹಿಂದಕ್ಕೆ ಎಳೆದುಕೊಂಡಳು. ರಜೆಯೆಂದು ಮನೆಯಲ್ಲಿದ್ದ ಜಯತ್ತೆ ಹೂವಿನ ಪರದೆ ಸರಿಸಿ ಬಂದು ನೋಡಿದಳು.

“ನೋಡವ್ವ, ಇದು ಜ್ವರ ಅಲ್ಲ. ಕಿವಿ ತುಂಬ ಹುಳ ಹರೀತಾ ಅವೆ.”

“ಎಲ್ಲಿ ಅಲ್ಲಾಡ್ತಾ ಅವೆ?” ಅಜ್ಜಿ ಬಟ್ಟೆ ಕಿತ್ತುಕೊಂಡಳು. ಹತ್ತಿರ ಹಿಡಿದಳು, ದೂರ ಹಿಡಿದಳು. “ನಂಗೇನೂ ಕಾಣಕಿಲ್ಲ. ಎಲ್ಲ ಸೇರ್ಕಂಡು ಆಟ ಆಡ್ತಾ ಇದ್ದೀರಿ.”

ನಾನು ಅಜ್ಜಿಯ ಮೊಣಕೈ ಪಕ್ಕದಲ್ಲೇ ನಿಂತಿದ್ದೆ. ಬಿಳಿ ಚುಕ್ಕೆಗಳು ಬಟ್ಟೆಯ ನಡುವೆ ಓಡಾಡುತ್ತಿದ್ದವು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದದ್ದು ಬಟ್ಟೆಯ ಬೇರೆ ಮೂಲೆಯನ್ನು, ಅಲ್ಲಿ ಏನೂ ಇರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳಿಗೆ ಕಾಣುತ್ತಿಲ್ಲ ಎಂಬುದು ಆಗ ನನಗೆ ತಿಳಿಯಿತು. ಹಿಂದಿನ ಬೆಳೆಗಳಲ್ಲಿ ಅವ್ವ ಪಕ್ಕದಲ್ಲಿ ನಿಂತು ‘ಚೆನ್ನಾಗೆದ್ದವೆ ಅಲ್ವಾ?’ ಎಂದು ಗೊಣಗಿದ ಮೇಲೆಯೇ ಅಜ್ಜಿ ‘ಎದ್ದವೆ’ ಎಂದು ಸಾರುತ್ತಿದ್ದದ್ದು ನೆನಪಾಯಿತು. ಬಾಯಿ ತೆರೆದವಳು ಮುಚ್ಚಿಕೊಂಡೆ. ಪ್ರಶ್ನೆ ಕೇಳದೆ ನುಂಗಿಕೊಂಡದ್ದು ನನಗೆ ಬಹುಶಃ ಅದೇ ಮೊದಲು. ಅಜ್ಜಿ ಬಟ್ಟೆ ಕೆಳಗಿಳಿಸಿ ನನ್ನತ್ತ ಒಂದು ಸಲ ನೋಡಿದಳು, ಮತ್ತೇನೂ ಬೈಯಲಿಲ್ಲ.

ಜಯತ್ತೆ ಯಾರನ್ನೂ ಕೇಳಲಿಲ್ಲ. ಕೆಂಚಿಯನ್ನು ಮಕ್ಕರಿಯಲ್ಲಿ ಹಾಕಿ, ಮೇಲೆ ಇನ್ನೊಂದು ಮಕ್ಕರಿ ಬೋರಲು ಕಟ್ಟಿ, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ದನದ ಆಸ್ಪತ್ರೆಯಲ್ಲಿ ಹಸು ಎಮ್ಮೆಗಳ ಸಾಲಿನಲ್ಲಿ ನಮ್ಮ ಮಕ್ಕರಿಯೂ ಕುಳಿತಿತು. ಡಾಕ್ಟರು ಕೆಂಚಿಯ ಬೆನ್ನು ಸವರಿ, ಬೆರಳಿಗಂಟಿದ ಬಿಳಿ ಪುಡಿಯನ್ನು ನೋಡಿಕೊಂಡರು.

“ಏನಮ್ಮ ಇದು?”

“ಸುಣ್ಣ ಸಾರ್,” ಎಂದೆ. “ಜ್ವರಕ್ಕೆ ಕೂತಿದಾಳೆ ಅಂತ ನಮ್ಮಜ್ಜಿ ಹಾಕ್ತು.”

ಅವರೂ ರೇಷ್ಮೆ ಸೀಮೆಯವರೇ ಇರಬೇಕು, ಅರ್ಥವಾಗಿ ಜೋರಾಗಿ ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ವಿವರಿಸಿದರು. ಇದು ಕಿವಿನುಸಿ, ತೆಂಗಿಗೆ ನುಸಿ ಬಂದಿತ್ತಲ್ಲ, ಅದರ ದೂರದ ನೆಂಟ. ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಹತ್ತುತ್ತದೆ. ಕಿವಿ ಕಡಿಯುತ್ತದೆಂದು ಬೆಕ್ಕು ಕೆರೆದುಕೊಳ್ಳುತ್ತದೆ, ಕೆರೆದಲ್ಲಿ ಕೂದಲು ಹೋಗುತ್ತದೆ, ಗಾಯವಾದ ಚರ್ಮಕ್ಕೆ ಸುಣ್ಣ ಬಿದ್ದರೆ ಉರಿಯದೆ ಇನ್ನೇನು. ಬೇರೆ ಬೆಕ್ಕೇನಾದರೂ ಬರುತ್ತಿತ್ತೇ ಎಂದು ಕೇಳಿದರು. ತಗಡಿನ ಶೆಡ್ಡುಗಳ ಜೊತೆ ಬಂದಿದ್ದ ಬೂದಿ ಬಣ್ಣದ ಗಂಡುಬೆಕ್ಕೊಂದು ನಮ್ಮ ಹಿತ್ತಿಲಲ್ಲಿ ಕೆಂಚಿಯೊಂದಿಗೆ ಮಲಗುತ್ತಿದ್ದದ್ದು ನನಗೆ ನೆನಪಾಯಿತು. ಅದೂ ತಲೆ ಕೊಡವುತ್ತಿತ್ತು. ಮನೆಗೆ ಬಂದು ಇದನ್ನು ಹೇಳಿದಾಗ ಅಪ್ಪ ಗೆದ್ದವನ ಹಾಗೆ ತೊಡೆ ತಟ್ಟಿದ.

“ನಾನು ಹೇಳ್ಲಿಲ್ವಾ? ಕಂಪ್ನಿ ಕಡೆಯಿಂದ್ಲೇ ಬಂದಿರೋದು!”

ಡಾಕ್ಟರು ಒಂದು ಸೂಜಿ ಚುಚ್ಚಿ, ಕಿವಿಗೆ ಬಿಡುವ ಹನಿಯ ಸೀಸೆ ಕೊಟ್ಟಿದ್ದರು. ನುಸಿ ಕೊಲ್ಲುವ ಔಷಧ ರೇಷ್ಮೆ ಹುಳಕ್ಕೂ ಆಗದು, ಇದನ್ನು ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟಬೇಡಿ ಎಂದು ಹೇಳಿ ಕಳಿಸಿದ್ದರು. ಅಜ್ಜಿ ಹೊಸ್ತಿಲಲ್ಲಿ ಕುಳಿತು ಎಲ್ಲವನ್ನೂ ಕೇಳಿದಳು. ಚೀಲ ಬೇಡ ಎಂದಳು. ಅಷ್ಟಕ್ಕೇ ನಾನು ಕುಣಿಯತೊಡಗಿದ್ದೆ.

“ತಡಿ. ಬೆಕ್ಕು ಹೊರಕೋಣೇಲಿ ಇರ್ಲಿ. ಆದ್ರೆ ಬೆಕ್ಕು ಮುಟ್ಟಿದ ಕೈ ಹುಳ ಮುಟ್ಟಂಗಿಲ್ಲ, ಹುಳದ ಮನೆ ಹೊಸ್ತಿಲು ದಾಟಂಗಿಲ್ಲ. ಗೂಡು ಬಿಡ್ಸೋಗಂಟ. ಯಾರು ಮುಟ್ತೀರಿ ಹೇಳಿ.”

ಜಯತ್ತೆಗೆ ಹೇಗೂ ಗಡಿಪಾರು. ಆದರೆ ಅವಳು ಬೆಳಗ್ಗೆ ವ್ಯಾನು ಹತ್ತಿದರೆ ಬರುತ್ತಿದ್ದದ್ದು ದೀಪ ಹಚ್ಚಿದ ಮೇಲೆ. ಹನಿ ಹಾಕುವುದು ಬೆಳಗ್ಗೆಯೂ ಆಗಬೇಕು, ಸಂಜೆಯೂ ಆಗಬೇಕು, ಕಸ ಒರೆಸಬೇಕು, ಕೆರೆದುಕೊಳ್ಳದಂತೆ ಹಿಡಿದು ಕೂರಬೇಕು. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಅಳು ಬಂತು. ಯಾಕೆಂದರೆ ಆ ಬೆಳೆಯಲ್ಲಿ, ಮೊಟ್ಟಮೊದಲ ಬಾರಿಗೆ, ಹಣ್ಣುಹುಳ ಆಯಲು ಅಜ್ಜಿ ನನ್ನನ್ನು ಕರೆಯುತ್ತೇನೆಂದಿದ್ದಳು. ಬೆಳೆದ ಹುಳ ಹಸಿರು ಬಣ್ಣ ಕಳೆದುಕೊಂಡು, ಮೈಯೊಳಗಿಂದ ಬೆಳಕು ತೋರುವ ಹಾಗೆ ಹಣ್ಣಾಗುತ್ತದೆ. ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದನ್ನು ಆಯ್ದು ಚಂದ್ರಿಕೆ ಎಂಬ ಬಿದಿರು ತಟ್ಟಿಯ ಸುರುಳಿಗೆ ಬಿಡಬೇಕು. ಅಂಗೈಯಲ್ಲಿ ಹಣ್ಣುಹುಳ ತಣ್ಣಗಿರುತ್ತದೆ ಎಂದು ಅವ್ವ ಹೇಳಿದ್ದಳು. ಎಷ್ಟು ತಣ್ಣಗೆ ಎಂದು ತಿಳಿಯಲು ನಾನು ಇಡೀ ವರ್ಷ ಕಾದಿದ್ದೆ.

“ನಾನು ಮುಟ್ತೀನಿ,” ಎಂದೆ.

ಅಲ್ಲಿಂದ ನಾನೂ ಹೊರಕೋಣೆಯವಳಾದೆ. ಜಯತ್ತೆಯ ಪೌಡರಿನ ವಾಸನೆ, ಗೋಡೆಗೆ ನೇತುಹಾಕಿದ ಅವಳ ಗುರುತಿನ ಚೀಟಿ, ಕಂಪನಿಯಿಂದ ತಂದ ಬಣ್ಣದ ಬಟ್ಟೆಚೂರುಗಳ ನಡುವೆ ನಾನು ಮತ್ತು ಕೆಂಚಿ. ಬೆಳಗ್ಗೆ ಹನಿ ಬಿಟ್ಟು ಕಿವಿಯ ಬುಡ ತೀಡಿದರೆ ಒಳಗೆ ಪಚಪಚ ಸದ್ದು. ಒರೆಸಿದ ಹತ್ತಿಯನ್ನು ದಿನಾ ಜಯತ್ತೆಯ ಕರಿ ಬಟ್ಟೆಚೂರಿನ ಮೇಲೆ ಕೊಡವಿ ನೋಡುತ್ತಿದ್ದೆ. ದಿನದಿನಕ್ಕೆ ಚುಕ್ಕೆಗಳು ಕಡಿಮೆಯಾದವು. ಇತ್ತ ಕಾವಲಿಲ್ಲದ ಹುಳದ ಮನೆಗೆ ಇಲಿ ಬಂದವು. ಅಪ್ಪ ಬೋನು ಇಟ್ಟ, ಅಜ್ಜಿ ಕೋಲು ಹಿಡಿದು ಬಾಗಿ ಬಾಗಿ ಸ್ಟ್ಯಾಂಡಿನ ಕೆಳಗೆ ಬಡಿದಳು. ಒಂದು ಮಧ್ಯಾಹ್ನ ಹೊರಕೋಣೆಯ ಪರದೆಯಾಚೆ ಅವಳ ದನಿ ಕೇಳಿತು.

“ಉಣ್ತಾ ಐತಾ ಅದು?”

“ಇವತ್ತು ಪೂರ್ತಿ ಚಿಪ್ಪು ನೆಕ್ತು ಅಜ್ಜಿ.”

ಪರದೆಯ ಕೆಳಗಿನಿಂದ ಹಾಲಲ್ಲಿ ಕಿವುಚಿದ ಮುದ್ದೆಯ ಬಟ್ಟಲು ಒಳಗೆ ಸರಿಯಿತು. ಅದು ಅಜ್ಜಿಯ ಮೊದಲ ತುತ್ತು ಎಂದು ನನಗೆ ಗೊತ್ತಿತ್ತು.

ಹುಳ ಹಣ್ಣಾದ ದಿನ ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಬಂದು ಆಯ್ದರು. ಅಂಗಳದ ಚಪ್ಪರದ ಕೆಳಗೆ ಚಂದ್ರಿಕೆಗಳನ್ನು ಸಾಲಾಗಿ ಒರಗಿಸಿದರು. ನಾನು ದೂರದ ಜಗಲಿಯಲ್ಲಿ ಕೆಂಚಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಬಹಳ ಹೊಟ್ಟೆ ಉರಿಯಿತು. ಆದರೆ ದೂರದಿಂದ ನೋಡಿದ್ದರಿಂದ ಒಂದು ಕಂಡಿತು. ಉಳಿದವರೆಲ್ಲ ಕಣ್ಣಿಂದ ನೋಡಿ ಹುಳ ಹೆಕ್ಕುತ್ತಿದ್ದರೆ, ಅಜ್ಜಿಯ ಕೈ ಮಾತ್ರ ತಟ್ಟೆಯ ಮೇಲೆ ಮೆಲ್ಲಗೆ ತಡವಿಕೊಂಡು ಹೋಗುತ್ತಿತ್ತು. ತಣ್ಣಗಿರುವ ಹುಳವನ್ನು ಬೆರಳೇ ಹುಡುಕುತ್ತಿತ್ತು. ಮುಖ ಮಾತ್ರ ಬೇರೆ ಕಡೆ, ಹೆಂಗಸರ ಹರಟೆಯ ಕಡೆ ಇತ್ತು. ಅಂಗಳದಲ್ಲಿದ್ದ ಯಾರಿಗೂ ಅನುಮಾನ ಬಂದಂತಿರಲಿಲ್ಲ.

ಗೂಡು ಬಿಡಿಸಿ, ಮನೆ ತೊಳೆದು, ಸುಣ್ಣ ಬಳಿದು ಮುಗಿಯುವ ಹೊತ್ತಿಗೆ ಕೆಂಚಿಯ ಹಣೆಯ ಮೇಲೆ ಎಳೆಗೂದಲು ಮೂಡಿತ್ತು. ಕಿವಿ ನೆಟ್ಟಗೆ ನಿಂತಿತ್ತು. ಎಡಗಿವಿಯ ಅಂಚಿನಲ್ಲಿ ಒಂದು ಬೋಳು ಮಚ್ಚೆ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಒಂದು ದಿನ ಅವಳು ತಾನಾಗಿಯೇ ನಡೆದುಹೋಗಿ ಹುಳದ ಮನೆಯ ಹೊಸ್ತಿಲಲ್ಲಿ ಕುಳಿತಳು, ಅಜ್ಜಿ ಎಬ್ಬಿಸಲಿಲ್ಲ.

ಹೊಸ ಮೊಟ್ಟೆಯ ಹಾಳೆ ಬಂತು. ನಾನು ಹಾಳು ಮಾಡಿದ್ದ ಕಪ್ಪು ಬಟ್ಟೆಯನ್ನು ಎಸೆದಿರಬೇಕು ಅಂದುಕೊಂಡಿದ್ದೆ. ಅಜ್ಜಿ ಅದನ್ನು ಕುದಿನೀರಿನಲ್ಲಿ ಮತ್ತೆ ಮತ್ತೆ ಹಾಕಿ ಒಗೆದು ಒಣಗಿಸಿಟ್ಟಿದ್ದಳು. ಅದರಲ್ಲೇ ಹಾಳೆಯನ್ನು ಸುತ್ತಿದಳು. ಬಿಚ್ಚುವ ಬೆಳಗ್ಗೆ ಅವ್ವ ಎಂದಿನಂತೆ ಅವಳ ಪಕ್ಕಕ್ಕೆ ಹೋದಳು. ಅಜ್ಜಿ ಕೈ ಅಡ್ಡ ಹಿಡಿದಳು.

“ನೀನಿರು. ಆ ಕೆದ್ಕೋ ಕೋಳಿ ಎಲ್ಲೈತೆ ಕರಿ.”

ನಾನು ಕೈಕಾಲು ತೊಳೆದು, ಸುಣ್ಣದ ನೀರಿನಲ್ಲಿ ಕಾಲಿಟ್ಟು ಒಳಗೆ ಹೋದೆ. ಅಜ್ಜಿ ಕಿಟಕಿಯ ಬೆಳಕಿಗೆ ತಟ್ಟೆ ಇಟ್ಟುಕೊಂಡು ಕುಳಿತಿದ್ದಳು. ಹೊಸ್ತಿಲಲ್ಲಿ ಕೆಂಚಿ. ಅಜ್ಜಿ ಬಟ್ಟೆಯ ಮಡಿಕೆಗಳನ್ನು ಒಂದೊಂದಾಗಿ ತೆರೆದಳು. ಆದರೆ ಈ ಸಲ ಬಗ್ಗಲಿಲ್ಲ, ಕಣ್ಣು ಕಿರಿದು ಮಾಡಲಿಲ್ಲ. ನೋಡುವ ನಾಟಕವನ್ನೂ ಆಡಲಿಲ್ಲ. ತಟ್ಟೆಯನ್ನು ನನ್ನ ಕಡೆ ತಿರುಗಿಸಿ, ಮುಖವನ್ನು ಬಾಗಿಲ ಕಡೆ ಮಾಡಿಕೊಂಡು, ನನಗಷ್ಟೇ ಕೇಳುವ ಹಾಗೆ ಕೇಳಿದಳು.

“ಅಲ್ಲಾಡ್ತಾ ಅವಾ ಮಗ?”

ನಾನು ಮೂಗು ತಾಗುವಷ್ಟು ಬಗ್ಗಿದೆ. ಹಾಳೆಯ ತುಂಬ ಕಪ್ಪು ಎಳೆಗಳು ತಲೆ ಎತ್ತುತ್ತಿದ್ದವು.

“ಎಲ್ಲ ಎದ್ದವೆ ಅಜ್ಜಿ,” ಎಂದೆ.

ಅಜ್ಜಿ ಗಂಟಲು ಸರಿಮಾಡಿಕೊಂಡು, ಅಂಗಳದಲ್ಲಿ ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ, ತನ್ನ ಹಳೆಯ ದೊಡ್ಡ ದನಿಯಲ್ಲಿ ಕೂಗಿದಳು.

“ಎದ್ದವೆ!”